ದೇವರ ಮೇಲೆ ಹೊದಿಸಿದ ಸೀರೆ

ಮನೆಗೆ ಬಣ್ಣ ಹಚ್ಚುವ ಮೊದಲು ಗೋಡೆ ಕೆರೆಯಬೇಕು. ಅದು ನಮ್ಮ ಕೆಲಸ. ನಾನು ಕಾಡಪ್ಪ, ನನ್ನ ಹೆಂಡತಿ ಭೀಮವ್ವ. ಹನ್ನೊಂದು ವರ್ಷ ಪುಣೆಯಲ್ಲಿ ಪರರ ಗೋಡೆಗಳನ್ನು ಕೆರೆದಿದ್ದೇವೆ.

ನಾವು ಬಂದು ಹೋದದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಬಣ್ಣ ಮುಗಿದ ಮೇಲೆ ನೆಂಟರು ಬಂದು ಬಣ್ಣವನ್ನು ಹೊಗಳುತ್ತಾರೆ. ಅದರ ಕೆಳಗಿದ್ದ ಹತ್ತು ವರ್ಷದ ಸುಣ್ಣ, ಒಗ್ಗರಣೆಯ ಜಿಡ್ಡು, ಹಸಿ ಹಿಡಿದು ಎದ್ದ ಹೊಪ್ಪಳೆ ಇವೆಲ್ಲ ಯಾರ ಉಗುರು ತಿಂದು ಹೋದವು ಎಂದು ಯಾವ ನೆಂಟನೂ ಕೇಳಿದ್ದಿಲ್ಲ.

ಮೊದಲು ಮನೆಯ ಸಾಮಾನೆಲ್ಲ ಹೊತ್ತು ಹಾಲ್‌ನ ನಡುವೆ ಒಟ್ಟಬೇಕು. ಮೇಲೆ ಹಳೆಯ ಚಾದರ ಹೊದಿಸಬೇಕು. ಗೋಡೆಯ ಮೊಳೆ ಕೀಳಬೇಕು. ನೀರು ಹೊಡೆದು, ಗೋಡೆ ನೆನೆದ ಮೇಲೆ ಪತ್ತಿಯಿಂದ ಎಳೆಯಬೇಕು. ಪತ್ತಿ ಎಂದರೆ ಅಂಗೈ ಅಗಲದ ಕಬ್ಬಿಣದ ತಗಡು. ಎಲ್ಲಕ್ಕಿಂತ ಕೆಟ್ಟದ್ದು ಛತ್ತು, ತಲೆಯ ಮೇಲಿನ ಸೂರು. ಘೋಡಿ ಎಂಬ ಮರದ ಏಣಿಯ ಮೇಲೆ ನಿಂತು, ಕತ್ತು ಹಿಂದಕ್ಕೆ ಮುರಿದುಕೊಂಡು, ಎರಡೂ ಕೈ ಮೇಲೆತ್ತಿ ಕೆರೆಯಬೇಕು. ಸುಣ್ಣ ಕಣ್ಣಿಗೆ ಬೀಳುತ್ತದೆ. ಮೂಗಿಗೆ ಬೀಳುತ್ತದೆ. ಸಂಜೆ ಉಗುಳಿದರೆ ಉಗುಳು ಬಿಳಿ. ಉಂಡ ರೊಟ್ಟಿಗೂ ಸುಣ್ಣದ್ದೇ ರುಚಿ.

ಬಣ್ಣ ಬಳಿಯುವವರು ಬೇರೆ. ಅವರು ನಮ್ಮ ಕೆಲಸ ಮುಗಿದ ಮೇಲೆ ಬರುತ್ತಾರೆ, ನಮ್ಮ ಜೊತೆ ಕೂತು ಉಣ್ಣುವುದಿಲ್ಲ. ಈ ಕೆಲಸದಲ್ಲೂ ಒಂದು ಊರಿದೆ, ಊರ ಹೊರಗೊಂದು ಕೇರಿಯಿದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನ್ನ ಕೈಗೆ ಯಾರೂ ಬ್ರಶ್ ಕೊಟ್ಟಿರಲಿಲ್ಲ.

ಅದು ೨೦೦೨ರ ಬೇಸಿಗೆ. ಠೇಕೇದಾರ ದತ್ತು ನಮ್ಮನ್ನು ಧನಕವಡಿಯ ಒಂದು ಸೊಸಾಯಟಿಗೆ, ಫ್ಲ್ಯಾಟುಗಳ ಕಟ್ಟಡಕ್ಕೆ, ಕರೆದೊಯ್ದ. ಮೆಟ್ಟಿಲು ಹತ್ತುವಾಗ ನನ್ನ ಹೆಗಲ ಮೇಲೆ ಕೈ ಹಾಕಿದ. "ಹೇ ಘರ ನೀಟ ಕರ, ಕಾಡಪ್ಪಾ. ಶೇವಟಚೀ ಖೋಲೀ ತೂ ರಂಗವ" ಎಂದ. ಈ ಮನೆಯ ಕೆಲಸ ಅಚ್ಚುಕಟ್ಟಾದರೆ ಕೊನೆಯ ಕೋಣೆಗೆ ನಾನೇ ಬಣ್ಣ ಬಳಿಯಬಹುದು. ನನ್ನ ಎದೆ ಉಬ್ಬಿತು. ಮುಂದೆ ನಾನು ಮಾಡಿದ ಹೇಡಿತನಕ್ಕೆ ಇದೇ ಕಾರಣ ಎಂದು ಹೇಳುತ್ತಿಲ್ಲ. ಆದರೆ ಇದೂ ಇತ್ತು.

ಮೂರನೆಯ ಮಹಡಿ. ಬಾಗಿಲು ತೆರೆದವಳು ಸಾವಿತ್ರಿಬಾಯಿ. ಐವತ್ತರ ಹೆಂಗಸು, ದಪ್ಪ ಕನ್ನಡಕ. ದತ್ತುವಿನ ಜೊತೆ ಮರಾಠಿಯಲ್ಲಿ ಮಾತಾಡಿದಳು. ಹನ್ನೆರಡನೆಯ ದಿನಕ್ಕೆ ಮಗಳು ಸ್ನೇಹಲ್‌ಳನ್ನು ನೋಡಲು ಗಂಡಿನವರು ಬರುವವರಿದ್ದರು, ಅಷ್ಟರೊಳಗೆ ಎಲ್ಲ ಮುಗಿಯಬೇಕಿತ್ತು. ಭೀಮವ್ವ ನನಗೆ ಮೆಲ್ಲಗೆ "ನೀರಿನ ನಳ ಎಲ್ಲದ ಕೇಳು" ಎಂದಳು. ಸಾವಿತ್ರಿಬಾಯಿ ಗಕ್ಕನೆ ತಿರುಗಿದಳು.

"ಅಯ್ಯ, ನೀವು ನಮ್ಮ ಕಡಿ ಮಂದೀನ? ಯಾವೂರು?"

"ಶಹಾಪುರ ತಾಲ್ಲೂಕ್ರಿ ಬಾಯಾರ."

"ನಮ್ದು ವಿಜಾಪುರ! ಬರ್ರಿ, ಒಳಗ ಬರ್ರಿ. ನಮ್ಮ ಮಾತು ಕಿವಿಗಿ ಬಿದ್ದು ಎಷ್ಟ ದಿನಾ ಆಗಿತ್ತು." ಮುಖ ಅರಳಿತು. ಮರುಗಳಿಗೆಯಲ್ಲೇ ಕೇಳಿದಳು. "ಯಾವ ಮಂದಿ ನೀವು?"

ಪುಣೆಯ ಮರಾಠಿ ಮನೆಗಳಲ್ಲಿ ನಮ್ಮನ್ನು ಹೀಗೆ ಯಾರೂ ಕೇಳಿರಲಿಲ್ಲ. ಅಲ್ಲಿ ನಾವು ಗೋಡೆ ಕೆರೆಯುವ ಕಾನಡಿಗಳು, ಅಷ್ಟೇ. ನಮ್ಮದೇ ಮಾತಾಡುವ ಮನೆ ಸಿಕ್ಕ ದಿನವೇ ನಮ್ಮ ಕೇರಿ ನಮ್ಮ ಹಿಂದೆ ಮೂರು ಮಹಡಿ ಹತ್ತಿ ಬಂದು ನಿಂತಿತು. ನಾವು ಮಾದಿಗರು. ಆದರೆ ನನ್ನ ಬಾಯಿಂದ ಬಂದದ್ದೇ ಬೇರೆ.

"ಕುರುಬರ್ರಿ. ಬೀರಪ್ಪನ ಒಕ್ಕಲು."

ಭೀಮವ್ವ ನನ್ನ ಮುಖ ನೋಡಿದಳು. ಆ ಸಂಜೆ ಕಾತ್ರಜ್ ಕಡೆಯ ನಮ್ಮ ತಗಡಿನ ಪತ್ರಾ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತ, "ಬೀರಪ್ಪ ಯಾವಾಗ ಬಂದ ನಮ್ಮ ಮನಿಗಿ? ಕುರಿ ಎಲ್ಲವ?" ಎಂದಳು. ನಾನು ನಕ್ಕೆ. ಅವಳೂ ಸ್ವಲ್ಪ ನಕ್ಕಳು. ಎಂಟು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಎಂಟು ತಿಂಗಳ ಹಿಂದೆ ನಮ್ಮ ಮಗಳು ಶರಣಮ್ಮ ಸತ್ತಿದ್ದಳು. ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷ. ಅವಳದ್ದೂ ಇದೇ ಕೆಲಸ. ಹಿಂಜವಾಡಿಯಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡಗಳಲ್ಲಿ ಗಂಡನ ಜೊತೆ ಗೋಡೆ ಉಜ್ಜುತ್ತಿದ್ದಳು. ಏಳು ತಿಂಗಳ ಬಸುರಿ. ಛತ್ತು ಉಜ್ಜುತ್ತಿದ್ದವಳಿಗೆ ಕಣ್ಣು ಕತ್ತಲೆ ಬಂದು ಘೋಡಿಯ ಮೇಲಿಂದ ಬಿದ್ದಳು. ಹೊಟ್ಟೆಯ ಕೂಸೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಕಟ್ಟಡದ ಸಾಹೇಬರು ಆ ಜಾಗಕ್ಕೆ ನೀರು ಹೊಡೆಸಿ, ಮಧ್ಯಾಹ್ನದ ಊಟದ ಮೇಲೆ ಕೆಲಸ ಶುರು ಮಾಡಿಸಿದರಂತೆ.

ಅವಳು ಬಿದ್ದ ನಾಲ್ಕನೆಯ ದಿನಕ್ಕೆ ಕುಬಸ ಇಟ್ಟುಕೊಂಡಿದ್ದೆವು. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಭೀಮವ್ವ ಹಸಿರು ಇಳಕಲ್ ಸೀರೆ ತರಿಸಿದ್ದಳು. ಕೆಂಪು ಸೆರಗು. ಅದರ ಮಡಿಕೆ ಬಿಚ್ಚಲೇ ಇಲ್ಲ. ಮಣ್ಣಿಗೆ ಹಾಕುವಾಗ ಉಡಿಸೋಣ ಎಂದೆ. ಭೀಮವ್ವ ಕೊಡಲಿಲ್ಲ. "ಇದು ಬಾಳೇವಕ ತಂದದ್ದು, ಮಣ್ಣಿಗಲ್ಲ" ಎಂದಳು. ಆಮೇಲೆ ಅದನ್ನು ಬುತ್ತಿಯ ಚೀಲದಲ್ಲಿ ಇಟ್ಟುಕೊಂಡು ಹೋದ ಹೋದ ಮನೆಗೆಲ್ಲ ಹೊತ್ತಳು. ಶೆಡ್ಡಿಗೆ ಬೀಗ ಇಲ್ಲ, ಕಳ್ಳರು ಒಯ್ದಾರು ಎನ್ನುತ್ತಿದ್ದಳು. ನಿಜ ನನಗೆ ಗೊತ್ತಿತ್ತು. ಅದನ್ನು ಬಿಟ್ಟಿರಲು ಅವಳಿಂದ ಆಗುತ್ತಿರಲಿಲ್ಲ. ಮಗಳದು ಎಂದು ಉಳಿದದ್ದು ಅದೊಂದೇ, ಅದನ್ನೂ ಮಗಳು ನೋಡಿರಲಿಲ್ಲ.

ಸಾವಿತ್ರಿಬಾಯಿಯ ಮನೆಯಲ್ಲಿ ಭೀಮವ್ವ ಮತ್ತೆ ಮಾತು ಕಲಿತಳು. ಗಂಡ ಆಫೀಸಿಗೆ, ಮಗಳು ಕಾಲೇಜಿಗೆ ಹೋದ ಮೇಲೆ ಆ ಬಾಯಿಗೂ ಮಾತಿಗೆ ಜನವಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸ್ಟೀಲಿನ ಲೋಟದಲ್ಲಿ ಚಹಾ ತರುತ್ತಿದ್ದಳು. ಮನೆಯವರು ಕುಡಿಯುವ ಲೋಟವೇ. ಸುಣ್ಣದ ಪುಡಿಯ ನಡುವೆ ಮಣೆ ಹಾಕಿಕೊಂಡು ಕೂತು ಅಗಸಿ ಚಟ್ನಿ, ಮಾದಲಿ, ಮುದುಕಿಯರ ಹಾಡು ಎಂದು ಮಾತು ತೆಗೆಯುತ್ತಿದ್ದಳು. "ಕಾಡಪ್ಪಾ, ಬಾರಪಾ, ಚಾ ಆರ್ತದ" ಎಂದು ನನ್ನನ್ನು ಕರೆಯುತ್ತಿದ್ದಳು. ಜೋಳದ ಡಬ್ಬಿಗೆ ಧೂಳು ಬಿದ್ದಾಗ ಭೀಮವ್ವನೇ ಮೊರದಲ್ಲಿ ಕೇರಿ, ಕೈಯಾಡಿಸಿ ಹಸನು ಮಾಡಿ ಕೊಟ್ಟಳು. ಎರಡನೆಯ ದಿನಕ್ಕೇ 'ಬಾಯಾರ' ಹೋಗಿ 'ಅಕ್ಕಾರ' ಆಯಿತು.

ನಾಲ್ಕನೆಯ ದಿನ ಭೀಮವ್ವ ಮಗಳ ವಿಷಯ ತೆಗೆದಳು. ನಾನು ಪಕ್ಕದ ಕೋಣೆಯ ಛತ್ತು ಕೆರೆಯುತ್ತಿದ್ದೆ. ಅವಳ ದನಿ ಕೇಳಿ ಕೈ ನಿಲ್ಲಿಸಿದೆ. ಎಂಟು ತಿಂಗಳು ನನ್ನ ಹತ್ತಿರವೂ ಆಡದ ಮಾತುಗಳನ್ನು ಅವಳು ಆ ಹೆಂಗಸಿನ ಮುಂದೆ ಆಡುತ್ತಿದ್ದಳು. ಇಣುಕಿ ನೋಡಿದೆ. ಸೀರೆ ತೊಡೆಯ ಮೇಲಿತ್ತು. ಸಾವಿತ್ರಿಬಾಯಿ ಕನ್ನಡಕ ತೆಗೆದು ಅಳುತ್ತಿದ್ದಳು. ಭೀಮವ್ವನ ಸುಣ್ಣ ಹತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಿದ್ದಳು.

"ನನ್ನ ಸ್ನೇಹಲ್‌ನ ವಾರಿಗೀನ ಅಲ್ಲನ ತಂಗಿ" ಎಂದಳು.

ನೋಡಿ ನನಗೆ ಸಂತೋಷವಾಗಬೇಕಿತ್ತು. ಹೆದರಿಕೆಯಾಯಿತು. ಆ ಕೈ ಯಾರದ್ದೆಂದು ಅವಳಿಗೆ ಗೊತ್ತಿರಲಿಲ್ಲ.

ಐದನೆಯ ದಿನ ದೇವರ ಕೋಣೆ. ಅಡಿಗೆಮನೆಗೆ ಹತ್ತಿದ ಸಣ್ಣ ಕೋಣೆ, ಒಂದೇ ಕಿಟಕಿ. ಕಲ್ಲಿನ ಕಟ್ಟೆಯ ಮೇಲೆ ಹಿತ್ತಾಳೆಯ ದೇವಿಯ ಮುಖ, ಸುತ್ತ ಹತ್ತಾರು ಪಟ. ಮಗಳ ಕಾರ್ಯ ಕೂಡಿಬರುವ ತನಕ ದೇವರನ್ನು ಕಟ್ಟೆಯಿಂದ ಕದಲಿಸಬಾರದೆಂದು ಅವರ ಭಟ್ಟರು ಹೇಳಿದ್ದರಂತೆ. ಹಾಗಾಗಿ ದೇವರನ್ನು ಅಲ್ಲೇ ಮುಚ್ಚಿ ಛತ್ತು ಕೆರೆಯಬೇಕು. ಚಾದರಗಳೆಲ್ಲ ಹಾಲ್‌ನ ಸಾಮಾನಿನ ಮೇಲಿದ್ದವು. ಅವು ಹೊಲಸಾಗಿದ್ದವು, ದೇವರಿಗೆ ನಡೆಯುವಂಥವಲ್ಲ. ಮಡಿ ಬಟ್ಟೆಗಳಿದ್ದ ಕಪಾಟು ಆ ರಾಶಿಯ ಅಡಿಯಲ್ಲಿ ಸಿಕ್ಕಿಬಿದ್ದಿತ್ತು. ಸಾವಿತ್ರಿಬಾಯಿ ಪೇಚಾಡುತ್ತ ನಿಂತಳು.

ಭೀಮವ್ವ ಚೀಲಕ್ಕೆ ಕೈ ಹಾಕಿದಳು.

"ಅಕ್ಕಾರ, ಇದು ಹೊಸಾದದರಿ. ಯಾರೂ ಉಟ್ಟಿಲ್ಲ. ಮಡಚಿದ್ದು ಸುದ್ದಾ ಬಿಚ್ಚಿಲ್ಲ."

"ಬ್ಯಾಡ ತಂಗಿ, ಮಗಳ್ದು."

"ಇರ್ಲಿ ಬಿಡ್ರಿ. ಅಕೀ ಹೆಸರಲೆ ದೇವಿ ಮ್ಯಾಲರೆ ಬೀಳ್ಲಿ."

ಸಾವಿತ್ರಿಬಾಯಿ ಸೀರೆ ಮುಟ್ಟಿ ನೋಡಿದಳು. "ಉಡಲಾರದ ಕೋರಾ ಸೀರಿಗಿ ಮೈಲಿಗಿಲ್ಲ. ಹೊಚ್ಚು" ಎಂದಳು. ಕಾಲು ತೊಳೆದು ಒಳಗೆ ಬರಲು ಹೇಳಿದಳು. ತೊಳೆದೆವು. ನಾನು ಘೋಡಿ ಹತ್ತಿ ನಿಂತೆ. ಭೀಮವ್ವ ಮಡಿಕೆ ಬಿಚ್ಚಿದಳು. ಎಂಟು ತಿಂಗಳ ಮೇಲೆ ಆ ಹಸಿರು ಬಿಚ್ಚಿಕೊಂಡಿತು. ಅದನ್ನು ಹಿತ್ತಾಳೆಯ ಮುಖದ ಮೇಲೆ ಸಾಮಾನು ಮುಚ್ಚುವಂತೆ ಅವಳು ಮುಚ್ಚಲಿಲ್ಲ. ಸೆರಗು ತಲೆಯ ಮೇಲೆ ಬರುವ ಹಾಗೆ ಹೊದಿಸಿದಳು, ಎರಡೂ ಕಡೆ ನಿರಿಗೆ ತಿದ್ದಿದಳು. ಬಸುರಿಗೆ ಉಡಿಸುತ್ತಿದ್ದಳು. ನನಗೆ ತಿಳಿಯಿತು. ಅವಳು ಕಟ್ಟೆಗೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತಳು.

"ಅವ್ವಾ ಮಾತಂಗೆವ್ವಾ, ನನ್ನ ಕೂಸಿಗಿ ಉಡಸಾಕ ಆಗ್ಲಿಲ್ಲ. ನೀ ಉಟಗೊ ನನ್ನವ್ವ."

ಮರಾಠಿ ಮನೆಯಾಗಿದ್ದರೆ ಆ ಹೆಸರು ಒಂದು ಹೆಸರಾಗಿ ಹೋಗುತ್ತಿತ್ತು. ಸಾವಿತ್ರಿಬಾಯಿ ವಿಜಾಪುರದವಳು, ಅದು ಯಾವ ಕೇರಿಯ ದೇವಿ ಎಂದು ಬಲ್ಲವಳು.

"ಏನಂದಿ?"

ಭೀಮವ್ವ ಕಣ್ಣೊರೆಸಿಕೊಂಡಳು.

"ಮಾತಂಗೆವ್ವ ನಿಮಗೇನಾಗ್ಬೇಕು? ನೀವು ಬೀರಪ್ಪನ ಒಕ್ಕಲಂದ್ರಿ?"

ನಾನು ಘೋಡಿಯಿಂದ ಇಳಿದೆ. "ಊರಾಗ ಎಲ್ಲಾರೂ ನಡಕೋತಾರ್ರಿ ಬಾಯಾರ ಆ ದೇವ್ರಿಗಿ" ಎಂದೆ. ಎರಡನೆಯ ಸುಳ್ಳು. ಆ ಸುಳ್ಳಿನ ನೆರಳಲ್ಲಿ ಭೀಮವ್ವ ನಿಲ್ಲಲಿಲ್ಲ. ದೇವಿಯನ್ನು ಅವ್ವಾ ಎಂದು ಕರೆದ ಬಾಯಿಂದ ಸುಳ್ಳು ಹೇಗೆ ಆಡಿಯಾಳು?

"ನಮ್ಮ ಮನಿ ದೇವರ್ರಿ ಅಕ್ಕಾರ. ನಾವು ಮಾದರು."

ಸಾವಿತ್ರಿಬಾಯಿ ಚೀರಲಿಲ್ಲ. ಚೀರಿದ್ದರೆ ಚೆನ್ನಾಗಿತ್ತು. ಗೋಡೆಗೆ ಸರಿದು ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಐದ ದಿನ. ನಮ್ಮ ಲ್ವಾಟಾದಾಗ ಚಾ ಕುಡಸೀನಿ. ದೇವರ ಕ್ವಾಣಿತನಾ ಬಿಟ್ಕೊಂಡೀನಿ. ಮಗಳ ಕಾರ್ಯ ಅದಲೋ ಕಾಡ್ಯಾ, ಏನ್ ಮಾಡಿಟ್ಟಿ!" ಎಂದಳು. ಬಾರಪಾ ಎನ್ನುತ್ತಿದ್ದ ಬಾಯಿಯೇ ಅದು. ಕಾಡಪ್ಪ ಕಾಡ್ಯಾ ಆಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ನಾನು ಕೈ ಮುಗಿದೆ. "ತಪ್ಪಾತ್ರಿ" ಎಂದೆ. ಬಗ್ಗಿದೆ. "ನನ್ನದ ತಪ್ಪರಿ, ದತ್ತೂಶೇಟಗ ಹೇಳಬ್ಯಾಡ್ರಿ" ಎಂದೆ. ಕಣ್ಣ ಮುಂದೆ ಬ್ರಶ್ ಇತ್ತು. ನಾನು ಎಂಥ ಮನುಷ್ಯ ಎಂದು ನನಗೆ ಆ ದಿನ ತಿಳಿಯಿತು.

"ಮದಲ ಅದನ್ನ ತೆಗಿ" ಎಂದಳು, ಸೀರೆಯ ಕಡೆ ನೋಡದೆ. "ಮನ್ಯಾಗ ಹಾಯಿಸ್ಬ್ಯಾಡ. ಆ ಕಿಡಕ್ಯಾಗಿಂದ ಕೆಳಗ ಒಗಿ."

ಈಗ ಕೋರಾ ಸೀರೆಗೂ ಮೈಲಿಗೆ ಬಂದಿತ್ತು. ಸೀರೆ ಅದೇ, ದೇವಿ ಅದೇ. ಭೀಮವ್ವ ನನ್ನನ್ನು ನೋಡುತ್ತಿದ್ದಳು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಒಗಿಯಂಗಿಲ್ಲ ಎಂಬ ಒಂದೇ ಒಂದು ಮಾತು. ಅದು ನನ್ನ ಬಾಯಿಗೆ ಬರಲಿಲ್ಲ. ನಾನು ಸೀರೆಯನ್ನು ದೇವಿಯ ಮೇಲಿಂದ ಎಳೆದೆ, ಉಂಡೆ ಮಾಡಿದೆ, ಕಿಟಕಿಯಿಂದ ಎಸೆದೆ. ಅದು ನಡುವೆ ಬಿಚ್ಚಿಕೊಂಡು, ಗಾಳಿಗೆ ಹರಡಿ, ಕಂಪೌಂಡಿನ ಮೂಲೆಯಲ್ಲಿ ನಾವೇ ಸುರಿದಿದ್ದ ಸುಣ್ಣದ ರಾಶಿಯ ಮೇಲೆ ಬಿತ್ತು. ಮಗಳು ಬಿದ್ದಾಗ ನಾನು ಅಲ್ಲಿರಲಿಲ್ಲ. ಇದನ್ನು ಕಣ್ಣಾರೆ ಕಂಡೆ. ನನ್ನ ಕೈಯಿಂದಲೇ ಬಿದ್ದದ್ದನ್ನು ಕಂಡೆ.

ಭೀಮವ್ವನ ಬಾಯಿಂದ ಒಂದು ಸದ್ದು ಬಂತು. ಅಳು ಅಲ್ಲ.

ಸಾವಿತ್ರಿಬಾಯಿ ಉಸಿರು ಬಿಟ್ಟಳು. ಆಮೇಲೆ ಛತ್ತು ನೋಡಿದಳು. ಕೆರೆಯಲು ಶುರುವೇ ಮಾಡಿರಲಿಲ್ಲ. ಗಂಡಿನವರು ಬರಲು ಏಳೇ ದಿನ. "ಈ ಛತ್ತೊಂದು ಕೆರದು ಹೋಗು" ಎಂದಳು ನನಗೆ. "ಅಕಿ ಬ್ಯಾಡ, ನೀ ಒಬ್ಬನ ಕೆರಿ. ನಾಳಿಗಿ ಭಟ್ಟರನ್ನ ಕರಸಿ ಶುದ್ಧ ಮಾಡಿಸ್ತೀನಿ."

ನಾನು ಪತ್ತಿ ಎತ್ತಿಕೊಂಡೆ. ಹೌದು, ಎತ್ತಿಕೊಂಡೆ. ಘೋಡಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ.

ಭೀಮವ್ವ ಹಾಲ್‌ಗೆ ಹೋದಳು. ಸಾಮಾನಿನ ರಾಶಿಯ ಮೇಲಿನ ಚಾದರ ಹಿಡಿದು ಜಗ್ಗಿದಳು. ಧೂಳು ಎದ್ದಿತು.

"ಕಾಡಪ್ಪಾ, ಬಾ ಇಲ್ಲಿ." ಗಂಡನ ಹೆಸರು ಹಿಡಿದು ಅವಳು ಯಾವತ್ತೂ ಕರೆದವಳಲ್ಲ. "ಈ ಫ್ರಿಜ್ ನಾ ಎತ್ತೀನಿ. ಒಂದ ಕಡಿ ನೀ, ಒಂದ ಕಡಿ ನಾ. ಒಗಿ ಕೆಳಗ."

"ಭೀಮಿ, ಸುಮ್ನಿರು" ಎಂದೆ.

ಎರಡನೆಯ ಚಾದರ ಜಗ್ಗಿದಳು. "ಈ ಗಾದಿ ನನ್ನ ತಲಿ ಮ್ಯಾಲ ಹೊತ್ತೀನಿ. ಇವರ ಮಗಳು ಮಲಗೂ ಗಾದಿ. ಒಗಿ. ಈ ಜ್ವಾಳ ನನ್ನ ಕೈಲೆ ಹಸನ ಮಾಡೀನಿ. ನಾಕ ದಿನದಿಂದ ಇವ್ರು ಅದ ರೊಟ್ಟಿ ತಿನ್ನಾಕತ್ಯಾರ. ಹೊಟ್ಟ್ಯಾಗಿಂದ ತಗದು ಒಗಿ. ಈ ಮನಿ ನಾಕೂ ಗ್ವಾಡಿ ನಾ ಕೆರದೀನಿ, ನನ್ನ ಬೆರಳಿನ ರಕ್ತ ಅದ ಅದರಾಗ. ಗ್ವಾಡಿ ಕೆಡವಿ ಒಗಿ. ಮಗಳ ಸೀರಿ ಒಗ್ಯಾಕ ಬಂತಲ್ಲ ನಿನಗ, ಇದೇನ ಭಾರ?"

ಸಾವಿತ್ರಿಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನೋಡು, ನಾ ನಿನಗ ಏನರೆ ಕೆಟ್ಟದ್ದು ಅಂದೇನನು? ನಮ್ಮ ಮನಿ ಪದ್ಧತಿ ಅದು, ನಾ ಏನ್ ಮಾಡ್ಲಿ?" ಎಂದಳು. ಅವಳ ದನಿ ನಡುಗುತ್ತಿತ್ತು. ಅವಳಿಗೂ ನೋವಾಗಿತ್ತು ಎಂದು ಈಗಲೂ ನಂಬುತ್ತೇನೆ. ಆ ನೋವಿನಿಂದ ನಮಗೆ ಆದದ್ದೇನು? ಏನೂ ಇಲ್ಲ.

ಭೀಮವ್ವ ಅವಳ ಎದುರು ಹೋಗಿ ನಿಂತಳು. 'ರಿ' ಬಿಟ್ಟು ಮಾತಾಡಿದಳು.

"ನಿನ್ನೆ ನೀ ನನ್ನ ಕೈ ಹಿಡದಿದ್ದಿ ಅಕ್ಕಾ. ಎರಡೂ ಕೈಲೆ. ನನ್ನ ಮಗಳಿಗೆ ಅತ್ತಿದ್ದಿ. ಆ ಕೈ ಏನ್ ಮಾಡ್ತಿ? ಆ ಕಣ್ಣೀರು ಎಲ್ಲಿ ಒಗಿತಿ?"

ಸಾವಿತ್ರಿಬಾಯಿ ತನ್ನ ಕೈಗಳನ್ನು ನೋಡಿಕೊಂಡಳು. ಭೀಮವ್ವ ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಪತ್ತಿ ತೆಗೆದು ನೆಲಕ್ಕೆ ಹಾಕಿದಳು.

"ಕೆರಿಯಂಗಿಲ್ಲ" ಎಂದಳು. "ನಿನ್ನ ದೇವರ ನೆತ್ತಿ ಮ್ಯಾಲಿನ ಹೊಲಸು ನೀ ಕೆರಕೊ."

ಬುತ್ತಿಯ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ನಾನು ಘೋಡಿಯ ಹತ್ತಿರವೇ ನಿಂತಿದ್ದೆ. ಸಾವಿತ್ರಿಬಾಯಿ ನನ್ನನ್ನು ನೋಡಿದಳು. ಕೆರೆಯಲೆಂದು ಕಾಯುತ್ತಿದ್ದಳೋ, ಹೋಗಲೆಂದು ಕಾಯುತ್ತಿದ್ದಳೋ. ಎಷ್ಟು ಹೊತ್ತು ಹಾಗೆ ನಿಂತೆ ಎಂದು ಹೇಳಲಾರೆ. ಹೆಂಡತಿಯ ಹಿಂದೆಯೇ ಓಡಿದೆ ಎಂದು ಬರೆಯಲು ಆಸೆಯಿದೆ, ಆದರೆ ಅದು ಮೂರನೆಯ ಸುಳ್ಳಾದೀತು. ನಿಂತಿದ್ದೆ. ಛತ್ತು ನೋಡಿದೆ, ಬ್ರಶ್ ನೆನೆದೆ, ದತ್ತುವನ್ನು ನೆನೆದೆ. ಆಮೇಲೆ ಇಳಿದೆ.

ಬಿಸಿಲು ನೆತ್ತಿಯ ಮೇಲಿತ್ತು. ಭೀಮವ್ವ ಸುಣ್ಣದ ರಾಶಿಯ ಮೇಲೆ ನಿಂತು ಸೀರೆ ಝಾಡಿಸುತ್ತಿದ್ದಳು. ಒಂದು ತುದಿ ಮುರುಕು ಇಟ್ಟಿಗೆಗೆ ಸಿಕ್ಕಿ ಗೇಣುದ್ದ ಹರಿದಿತ್ತು. ಹಸಿರಿನ ತುಂಬ ಬಿಳಿ ಪುಡಿ. ವಾಚಮನ್ ದೂರದಿಂದ ನೋಡುತ್ತಿದ್ದ. ಅವಳು ಮಡಚಲು ನೋಡಿದಳು. ಅಷ್ಟುದ್ದದ ಸೀರೆ ಒಬ್ಬರ ಕೈಗೆ ಬಗ್ಗುವುದಿಲ್ಲ, ಆ ತುದಿ ಹಿಡಿಯಲು ಇನ್ನೊಬ್ಬರು ಬೇಕು. ಕೆಂಪು ಸೆರಗು ನೆಲ ಮುಟ್ಟುತ್ತಿತ್ತು. ನಾನು ಹೋಗಿ ಅದನ್ನು ಹಿಡಿಯಲು ಕೈ ಚಾಚಿದೆ.

"ಮುಟ್ಟಬ್ಯಾಡ ನೀ" ಎಂದಳು.

ಹುಟ್ಟಿದಾಗಿನಿಂದ ಆ ಮಾತು ಕೇಳಿದ್ದೇನೆ. ಬಾವಿಯ ಹತ್ತಿರ, ಗುಡಿಯ ಹತ್ತಿರ, ಅಂಗಡಿಯ ಕಟ್ಟೆಯ ಹತ್ತಿರ. ಒಂದು ಸಲವೂ ಅದು ನನಗೆ ಸಲ್ಲುವ ಮಾತಾಗಿರಲಿಲ್ಲ. ಅಂದು ಸಲ್ಲುತ್ತಿತ್ತು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಬ್ಬಳೇ ಸೀರೆ ಮಡಚಿದಳು.